ಬಾಟಲಿಗಿಳಿದ ರಸಬಾಳೆ

ಯಾವುದೇ ಯಂತ್ರದ ಜೊತೆ ಪುಸ್ತಕವೊಂದು ಬಂದರೆ, ನನಗೆ ಯಂತ್ರಕ್ಕಿಂತ ಮೊದಲು ಪುಸ್ತಕದ ಮೇಲೆ ನಂಬಿಕೆ ಹುಟ್ಟಿಬಿಡುತ್ತದೆ. ಹೆಂಡತಿ ಹತ್ತು ವರ್ಷದಿಂದ ಮಾಡಿಕೊಂಡು ಬಂದ ಅಡುಗೆಯನ್ನು ಪುಸ್ತಕ ಬೇರೆ ಥರ ಮಾಡು ಎಂದರೆ ನನ್ನ ಮತ ಪುಸ್ತಕಕ್ಕೇ. ಆ ಪುಸ್ತಕ ನನಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿದ್ದರೂ ಈ ಭಕ್ತಿ ಕದಲುವುದಿಲ್ಲ ಎಂಬುದು, ಸ್ಟೀಮ್ ಓವನ್ ನಮ್ಮ ಮನೆಗೆ ಬಂದ ವರ್ಷ ಗೊತ್ತಾಯಿತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ ಕೀಪರ್. ಹೊಸ ಮಿಷನ್ ಕೂರಿಸಲು ಪರದೇಶದಿಂದ ಬಂದಿದ್ದ ಎಂಜಿನಿಯರೊಬ್ಬರು ಊರಿಗೆ ಹೊರಟಾಗ, ಸಾಮಾನು ಕಟ್ಟಲು ನಾನು ನೆರವಾದದ್ದಕ್ಕೆ ಸಂತೋಷಪಟ್ಟು, ತಮ್ಮ ಅಡುಗೆಮನೆಯ ಸ್ಟೀಮ್ ಓವನ್ನನ್ನು ನನಗೇ ಕೊಟ್ಟುಹೋದರು. ಹಳೆಯ ಟಿ.ವಿ.ಯಷ್ಟು ದೊಡ್ಡ ಪೆಟ್ಟಿಗೆ, ಗಾಜಿನ ಬಾಗಿಲು, ಪಕ್ಕದಲ್ಲಿ ನೀರು ತುಂಬುವ ಡಬ್ಬಿ. ಗುಂಡಿ ಒತ್ತಿದರೆ ಒಳಗೆಲ್ಲ ಹಬೆ. ನನ್ನ ಹೆಂಡತಿ ಸುಮ ಅದನ್ನು ಹಿಂದೆ ಮುಂದೆ ನೋಡಿ, “ಇಡ್ಲಿ ಪಾತ್ರೆಗೆ ಬಾಗ್ಲು ಮಡಗಿದಂಗದೆ ಕಣ್ರೀ” ಎಂದಳು. ಆದರೂ ನನ್ನ ಸಮಾಧಾನಕ್ಕೆ ಒಂದು ಭಾನುವಾರ ಅದರಲ್ಲೇ ಇಡ್ಲಿ ಇಟ್ಟಳು. ಎರಡು ಸಲ ಕರೆಂಟು ಹೋಗಿ ಬಂದು, ತಿಂಡಿಯ ಇಡ್ಲಿ ಊಟದ ಹೊತ್ತಿಗೆ ತಯಾರಾಯಿತು. ಮಾರನೆಯ ದಿನದಿಂದ ಹಳೆಯ ಪಾತ್ರೆ ಮತ್ತೆ ಒಲೆ ಏರಿತು.

ನಾನು ಧೈರ್ಯಗೆಡಲಿಲ್ಲ. ಓವನ್ನಿನ ಜೊತೆ ಬಂದಿದ್ದ ಪುಸ್ತಕದ ಕೊನೆಯ ಪುಟಗಳಲ್ಲಿ ಚಿತ್ರಗಳಿದ್ದವು. ಮೊದಲನೆಯದರಲ್ಲಿ ಹಣ್ಣು ತುಂಬಿದ ಗಾಜಿನ ಬಾಟಲಿಗಳು ಓವನ್ನಿನಲ್ಲಿ ಸಾಲಾಗಿ ಕೂತಿದ್ದವು. ಎರಡನೆಯದರಲ್ಲಿ ಕಿಟಕಿಯಾಚೆ ಹಿಮ ಬೀಳುತ್ತಿರುವಾಗ ಒಬ್ಬ ಹೆಂಗಸು ಅದೇ ಬಾಟಲಿಯನ್ನು ನಗುನಗುತ್ತಾ ಕಪಾಟಿನಿಂದ ತೆಗೆಯುತ್ತಿದ್ದಳು. ಬೇಸಿಗೆಯ ಹಣ್ಣು ಚಳಿಗಾಲಕ್ಕೆ! ಇದನ್ನು ತಿಳಿಯಲು ಭಾಷೆ ಯಾಕೆ ಬೇಕು? ಈ ಸಂಗತಿಯನ್ನು ನಾನು ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಮ್ಮ ಮಾವನಿಗೂ ಹೇಳಿದೆ.

ಮಾವ ಮಹದೇವಪ್ಪನವರದು ಟಿ. ನರಸೀಪುರದ ಹತ್ತಿರ ಹೆಮ್ಮಿಗೆ. ಮಾತು ಕಡಿಮೆ, ಕೆಲಸ ಜಾಸ್ತಿ. ನಂಜನಗೂಡಿನ ಕಡೆಯಿಂದ ರಸಬಾಳೆಯ ಕಂದು ತಂದು ಮೂರು ಸಲ ನೆಟ್ಟಿದ್ದರು, ಮೂರು ಸಲವೂ ಸೊರಗು ರೋಗ ಬಂದು ಒಣಗಿಹೋಗಿತ್ತು. ನಾಲ್ಕನೆಯ ಸಲ ಒಂದೇ ಒಂದು ಗಿಡ ಉಳಿದು ಸಣ್ಣದೊಂದು ಗೊನೆ ಬಿಟ್ಟಿತು. ಆ ಮೊದಲ ಗೊನೆ ಮಠದ ಸ್ವಾಮಿಗಳ ಪಾದಪೂಜೆಗೆ ಎಂದು ಅವರ ಹರಕೆ. ಗೊನೆ ಕಡಿದು, ಹುಲ್ಲಿನಲ್ಲಿ ಮುಚ್ಚಿ, ಸ್ವಾಮಿಗಳು ಮನೆಗೆ ಬರಲಿದ್ದ ಸೋಮವಾರಕ್ಕೆ ಸರಿಯಾಗಿ ಹಣ್ಣಾಗುವಂತೆ ನೋಡಿಕೊಂಡಿದ್ದರು. ಭಾನುವಾರ ನಾವೂ ಹೋದೆವು. ಅಂದು ಸಂಜೆ ಮಠದಿಂದ ಸುದ್ದಿ ಬಂತು: ಸ್ವಾಮಿಗಳು ಬರುವುದು ಇನ್ನು ಎಂಟು ದಿನ ತಡ.

ಹಣ್ಣಾದ ರಸಬಾಳೆ ಎಂಟು ದಿನ ಎಲ್ಲಿ ಕಾಯುತ್ತದೆ? ಮಾವ ಗೊನೆಯ ಮುಂದೆ ಕೂತುಬಿಟ್ಟರು. ಅವರ ಆ ಮುಖ ನೋಡಲಾರದೆ ನಾನು, ಎಂಟು ದಿನವೇನು, ಎಂಟು ತಿಂಗಳಾದರೂ ಇಟ್ಟುಕೊಡುತ್ತೇನೆ ಎಂದೆ.

ಮಾವ ತಲೆಯೆತ್ತಿ, “ನೀವು ಇದಕ್ ಮುಂಚೆ ಮಾಡಿದ್ದೀರಾ?” ಎಂದು ಕೇಳಿದರು.

“ಪುಸ್ತಕದಲ್ಲಿದೆ ಮಾವ” ಎಂದೆ. ಸುಳ್ಳಲ್ಲ, ಆದರೆ ಅವರು ಕೇಳಿದ್ದಕ್ಕೆ ಉತ್ತರವೂ ಅಲ್ಲ.

ಗೊನೆ ನಂಜನಗೂಡಿಗೆ ಬಂತು. ಒಂದು ಬಾಟಲಿ ಮಾಡಿ ನೋಡೋಣ, ಉಳಿದದ್ದನ್ನು ರಸಾಯನ ಮಾಡಿ ಬೀದಿಗೆಲ್ಲ ಹಂಚೋಣ ಎಂದು ಸುಮ ಹೇಳಿದಳು. ಪರೀಕ್ಷೆ ಮಾಡುವುದು ನಂಬಿಕೆಯಿಲ್ಲದವರ ಕೆಲಸ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಆರು ಬಾಟಲಿಗಳಲ್ಲಿ ಅಷ್ಟೂ ಹಣ್ಣು ಸುಲಿದು ಜೋಡಿಸಿ, ಬೆಲ್ಲದ ನೀರು ತುಂಬಿ ಓವನ್ನಿಗಿಟ್ಟೆ. ಚಿತ್ರದ ಬಾಟಲಿಗಳಿಗೆ ರಬ್ಬರ್ ಉಂಗುರ, ತಂತಿಯ ಕ್ಲಿಪ್ಪು ಇದ್ದವು. ನಮ್ಮವು ಉಪ್ಪಿನಕಾಯಿಯ ಹಳೆಯ ಬಾಟಲಿಗಳು. ಮುಚ್ಚಳಕ್ಕೆ ಬಟ್ಟೆ ಸುತ್ತಿ ಬಿಗಿದೆ. ಚಿತ್ರದಲ್ಲಿದ್ದ ಗಡಿಯಾರದ ಪ್ರಕಾರ ಅರ್ಧ ಗಂಟೆ ಹಬೆ ಬೇಕಿತ್ತು. ಕಾಲು ಗಂಟೆಗೆ ಕರೆಂಟು ಹೋಯಿತು. ಎರಡು ಗಂಟೆ ಬಿಟ್ಟು ಬಂದಾಗ ಇನ್ನೊಂದು ಕಾಲು ಗಂಟೆ ಇಟ್ಟೆ. ಲೆಕ್ಕ ಸರಿಹೋಯಿತಲ್ಲ!

ಮೂರು ದಿನ ಹಣ್ಣುಗಳು ಚಿತ್ರದಲ್ಲಿದ್ದಂತೆಯೇ ನಿಂತಿದ್ದವು. ನಾನು ಅವನ್ನು ಷೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದೆ. ಐದನೆಯ ದಿನ ಒಳಗೆ ಸಣ್ಣ ಗುಳ್ಳೆಗಳೆದ್ದವು. ಹಣ್ಣು ಉಸಿರಾಡುತ್ತಿದೆ ಎಂದು ವಿವರಿಸಿದೆ. “ಉಸಿರಾಡೋದು ಒಳ್ಳೇದಾ ಕೆಟ್ಟದ್ದಾ, ಅದೂ ಪುಸ್ತಕದಲ್ಲಿ ಅದಾ?” ಎಂದು ಸುಮ ಕೇಳಿದಳು. ನಾನು ಪೇಪರು ಓದತೊಡಗಿದೆ.

ಪಾದಪೂಜೆಯ ಬೆಳಿಗ್ಗೆ ಆರೂ ಬಾಟಲಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನರಸೀಪುರದ ಬಸ್ಸಿನಲ್ಲಿ ಕೂತೆ. ಅರ್ಧ ದಾರಿಯಲ್ಲಿ ಬಸ್ಸು ಹಂಪ್ ಹಾರಿತು. ಚೀಲದೊಳಗೆ ‘ಟಪ್’ ಎಂದಿತು. ಹಿಂದೆಯೇ ಇನ್ನೊಂದು ‘ಟಪ್’. ಬಸ್ಸಿನ ತುಂಬ ಹೆಂಡದ ವಾಸನೆ. ಪಕ್ಕದಲ್ಲಿದ್ದ ಮುದುಕರು ಎದ್ದು ಹಿಂದಿನ ಸೀಟಿಗೆ ಹೋದರು. ಕಂಡಕ್ಟರ್ ಬಂದು ಬಗ್ಗಿ, ಮೆಲ್ಲಗೆ ಹೇಳಿದ: “ಓದ್ದೋರಂಗೆ ಕಾಣ್ತೀರಿ. ಬೆಳಬೆಳಿಗ್ಗೆನೇ ಇದೇನ್ ಸಾ?”

ಇದು ಸ್ವಾಮಿಗಳ ಪಾದಪೂಜೆಗೆ ಎಂದೆ. ಹಾಗೆಂದ ಮೇಲೆ ಅವನು ನನ್ನನ್ನು ನೋಡಿದ ನೋಟ ಇನ್ನೂ ಕೆಟ್ಟದಾಗಿತ್ತು. ಸುಮ ಬೇರೆ ಯಾರ ಜೊತೆಗೋ ಬಂದವಳಂತೆ ಕಿಟಕಿಯಾಚೆಯ ಗದ್ದೆಗಳನ್ನು ನೋಡುತ್ತಿದ್ದಳು.

ಮಾವ ಮಡಿಪಂಚೆ ಉಟ್ಟು, ಕೈಯಲ್ಲಿ ಹಿತ್ತಾಳೆ ತಟ್ಟೆ ಹಿಡಿದು ಜಗಲಿಯ ಮೇಲೆ ಕಾಯುತ್ತಿದ್ದರು. ಒಂದು ಬಾಟಲಿಯ ಮುಚ್ಚಳ ತೆಗೆದು ಮೂಸಿದರು. ನಾನು ಕರೆಂಟು, ರಬ್ಬರ್ ಉಂಗುರ ಎಂದು ಏನೇನೋ ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು. ಬಾಟಲಿಗಳನ್ನು ಹಿತ್ತಲಿಗೆ ಒಯ್ದು, ಒಂದೊಂದನ್ನೇ ಆ ಬಾಳೆಯ ಬುಡಕ್ಕೆ ಸುರಿದರು. ತಾಯಿ ಗಿಡ ಕಡಿದ ಜಾಗದಲ್ಲಿ ಮೊಣಕಾಲೆತ್ತರದ ಒಂದು ಕಂದು ನಿಂತಿತ್ತು. “ಮೂರು ಸಲ ಒಣಗ್ತು, ಕಾದೆ. ಇನ್ನೊಂದು ವರ್ಸ ಕಾಯದೇನ್ ದೊಡ್ಡದಲ್ಲ, ಬುಡಿ ಅಳಿಯಂದ್ರೇ” ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ನಾನು ಬಾಟಲಿಗಳನ್ನು ತೊಳೆಯುವ ನೆಪದಲ್ಲಿ ಬಹಳ ಹೊತ್ತು ನಲ್ಲಿಯ ಹತ್ತಿರವೇ ನಿಂತೆ.

ಪೂಜೆ ಪುಟ್ಟಬಾಳೆಯಲ್ಲೇ ನಡೆಯಿತು. ಮುಗಿದ ಮೇಲೆ ಸ್ವಾಮಿಗಳು, ರಸಬಾಳೆ ಬೆಳೆದಿದ್ದೀರೆಂದು ಕೇಳಿದ್ದೆವಲ್ಲ ಎಂದರು. ನಾನು ಸೂರಿನ ಜಂತೆ ಎಣಿಸತೊಡಗಿದೆ. ಮಾವ ಕೈಮುಗಿದರು. “ನಮ್ಮ ಅಳಿಯಂದ್ರು ಅಬೆ ಮಿಷನ್ನಲ್ಲಿ ಮಡಗಿ ಕಾಪಾಡಕ್ಕೆ ನೋಡುದ್ರು ಬುದ್ದಿ. ನನ್ ಗಾಚಾರ, ನಿಲ್ನಿಲ್ಲ. ಅವ್ರಿಗೆ ಅಬೆ ಇಚಾರ ಎಲ್ಲಾ ಗೊತ್ತು.”

ನನ್ನ ಮಾನ ಉಳಿಸಲು ಅವರು ಹೇಳಿದ ಆ ಕೊನೆಯ ಮಾತೇ ನನ್ನನ್ನು ಸಿಕ್ಕಿಸಿತು. ಸ್ವಾಮಿಗಳ ಮುಖ ಅರಳಿತು. ಮಠದ ದಾಸೋಹದ ಅಡುಗೆಮನೆಗೆ ಹೊಸದಾಗಿ ಸ್ಟೀಮ್ ಬಾಯ್ಲರ್ ಬಂದಿದೆಯಂತೆ, ತಿಳಿದವರೊಬ್ಬರು ಬೇಕಂತೆ. ರಜಾದಿನ ಬಂದು ಸೇವೆ ಮಾಡಿ ಎಂದು ಅಪ್ಪಣೆಯಾಯಿತು. ನನಗೇನೂ ತಿಳಿಯದು ಎಂದರೆ ಮಾವನ ಮಾತು ಸುಳ್ಳಾಗುತ್ತದೆ. ತಲೆ ಬಾಗಿಸಿದೆ.

ಮುಂದಿನ ಭಾನುವಾರ ಹೋದೆ. ಮುಖ್ಯ ಅಡುಗೆಯವರಾದ ಶಿವಣ್ಣ ನನಗೆ ಬಾಯ್ಲರ್ ತೋರಿಸಿ, ಯಾವ ತಿರುಪು ಎಷ್ಟು ತಿರುಗಿಸಬೇಕು ಎಂದು ಕೇಳಿದರು. ನಾನು ಗದ್ದದ ಮೇಲೆ ಕೈಯಿಟ್ಟು ಯೋಚಿಸುತ್ತಿದ್ದಂತೆ ಅವರೇ ಏನನ್ನೋ ತಿರುಗಿಸಿದರು. ಅನ್ನ ಮಲ್ಲಿಗೆಯಂತೆ ಬೆಂದಿತು. ಆಮೇಲೆ ಅವರು ಬಹಳ ಮರ್ಯಾದೆಯಿಂದ ನನ್ನನ್ನು ದೂರದ ಕಂಬದ ಬಳಿಗೆ ಕರೆದೊಯ್ದು, ಹಬೆ ತಗಲುತ್ತದೆ, ಇಲ್ಲೇ ಕೂತಿರಿ ಎಂದು, ಒಂದು ಚಾಕುವನ್ನೂ ಒಂದು ಮಂಕರಿ ಬೀನ್ಸನ್ನೂ ಮುಂದಿಟ್ಟರು.

ಅಂದಿನಿಂದ ನನ್ನ ಸೇವೆ ಅದೇ ಕಂಬದ ಬಳಿ. ಹೆಮ್ಮಿಗೆಯಲ್ಲಿ ಮಾತ್ರ ಮಾವ, ಮಠದ ಹಬೆ ಖಾತೆ ಪೂರ್ತಿ ನಮ್ಮ ಅಳಿಯಂದಿರ ಕೈಯಲ್ಲೇ ಇದೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಾರೆ. ಹಿರಿಯರ ಮಾತನ್ನು ತಿದ್ದುವ ಅಭ್ಯಾಸ ನನಗಿಲ್ಲ. ಬೀನ್ಸನ್ನು ಮಾತ್ರ ಈಗ ಸಾಕಷ್ಟು ಸಣ್ಣಗೆ ಹೆಚ್ಚುತ್ತೇನೆ ಎಂದು ಶಿವಣ್ಣನವರೇ ಒಪ್ಪಿಕೊಂಡಿದ್ದಾರೆ.