ಗುಡ್ಡಣ್ಣನ ಗಟ್ಟಿ ಕನ್ನಡಕ

ಆ ತಿಂಗಳಲ್ಲಿ ಮೂರನೆಯ ಸಲ ಗುಡ್ಡಣ್ಣ ತನ್ನ ಕನ್ನಡಕದ ಮೇಲೆ ತಾನೇ ಕೂತುಬಿಟ್ಟ. ಮಾಮೂಲಿ ಕನ್ನಡಕವಲ್ಲ ಅದು. ವಿಮಾನದಿಂದ ತೆಗೆದ ಜೋಡಿ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿದರೆ ಗುಡ್ಡ ಎದ್ದು ನಿಲ್ಲುವಂತೆ, ಹಳ್ಳ ಇಳಿದು ಹೋಗುವಂತೆ ತೋರಿಸುವ ತ್ರೀಡಿ ಕನ್ನಡಕ. ಅದನ್ನು ಹಾಕಿಕೊಂಡು ಗುಡ್ಡಗಳ ನಕ್ಷೆ ಬರೆಯುವುದೇ ಅವನ ಕೆಲಸ. ಆಫೀಸಿನಲ್ಲಿ ಆ ಹೆಸರು ಅಂಟಿಕೊಂಡದ್ದೂ ಅದರಿಂದಲೇ.

"ಇದೇ ಕೊನೆ," ಎಂದರು ಮ್ಯಾನೇಜರ್. "ಸಂಜೆಯೊಳಗೆ ಒಂದು ಗಟ್ಟಿ ಕನ್ನಡಕ ಆರಿಸಿ. ಅದೂ ಮುರೀತೋ, ನೀವು ಕೆಳಗಿನ ಗೋದಾಮಿಗೆ."

ಕಿಟಕಿಯೇ ಇಲ್ಲದ ಆ ಗೋದಾಮಿನಲ್ಲಿ, ಮುರುಕು ಕುರ್ಚಿಗಳ ಜೊತೆ ನಿವೃತ್ತಿಯವರೆಗೆ ಕೂರುವುದೆಂದರೇನು! ಹದಿನೆಂಟು ವರ್ಷ ಗುಡ್ಡ ಹತ್ತಿ ಇಳಿದವನು ಗುಡ್ಡಣ್ಣ. ಕುರ್ಚಿಯಲ್ಲೇ ಕೂತು ಹತ್ತಿದ್ದು, ಆ ಮಾತು ಬೇರೆ.

ಅಂಗಡಿಯವನು ಮೂರು ಮಾದರಿ ತಂದಿಟ್ಟು ಹೋದ. ಗುಡ್ಡಣ್ಣ ಒಂದನ್ನು ಕಣ್ಣಿಗೇರಿಸುವಷ್ಟರಲ್ಲಿ ಟೈಪಿಸ್ಟ್ ಅಕ್ಕ ಕಿತ್ತುಕೊಂಡಳು.

"ಹಾಕ್ಕೊಂಡು ನೋಡಿದ್ರೆ ಗಟ್ಟಿ ಇದೆಯೋ ಇಲ್ವೋ ಗೊತ್ತಾಗುತ್ತೇನಪ್ಪಾ? ನೀನು ಮುರಿಯೋದು ಕೂತು ತಾನೆ? ಕೂತೇ ನೋಡ್ಬೇಕು."

ಕೂತಳು. ಲಟಕ್! ಒಂದಿದ್ದದ್ದು ಎರಡಾಯಿತು.

ಎರಡನೆಯದನ್ನು ವಾಚ್‌ಮನ್ ಮಹಡಿಯಿಂದ ಕೆಳಕ್ಕೆ ಬಿಟ್ಟ. "ನೋಡಿದ್ರಾ ಅಣ್ಣಾ, ನಾನಿಲ್ದಿದ್ರೆ ಇದನ್ನೇ ತಗೊಂಡ್ಬಿಡ್ತಿದ್ರಿ," ಎನ್ನುತ್ತ ಚೂರುಗಳನ್ನು ಬಾಚಿ ತಂದ.

ಮೂರನೆಯದರ ಮೇಲೆ ಅಕ್ಕ ಕೂತಳು, ಎದ್ದಳು, ಮತ್ತೆ ಕೂತಳು. ವಾಚ್‌ಮನ್ ಅದನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ. ಬಾಗಿಲೇ ನರಳಿತು, ಕನ್ನಡಕ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಮ್ಯಾನೇಜರ್ ಅಲ್ಲೇ ಖರೀದಿ ಚೀಟಿಗೆ ರುಜು ಹಾಕಿದರು.

ಬದುಕಿದೆಯಾ ಬಡಜೀವವೇ ಎಂದುಕೊಂಡು ಗುಡ್ಡಣ್ಣ ಅದನ್ನು ಮೊದಲ ಬಾರಿಗೆ ಹಾಕಿಕೊಂಡು ಪರದೆ ನೋಡಿದ. ಅಯ್ಯೋ! ಗುಡ್ಡಗಳೆಲ್ಲ ಬಾವಿಗಳಾಗಿದ್ದವು, ಹೊಳೆ ಗೋಡೆಯ ನೆತ್ತಿಯ ಮೇಲೆ ಹರಿಯುತ್ತಿತ್ತು. ಎಡಗಣ್ಣಿನ ಗಾಜನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಕೂರಿಸಿದ್ದರು ಪುಣ್ಯಾತ್ಮರು.

ಅಂಗಡಿಗೆ ಫೋನ್ ಮಾಡಿದ.

"ಮುರಿದಿದ್ಯಾ ಸಾರ್?"

"ಇಲ್ಲಪ್ಪ. ಗುಡ್ಡ ಹಳ್ಳ ಆಗಿ ಕಾಣುತ್ತೆ."

"ಗುಡ್ಡದ ವಿಷ್ಯ ಗ್ಯಾರಂಟೀಲಿಲ್ಲ ಸಾರ್. ಮುರಿದಿದ್ರೆ ಹೇಳಿ, ಈಗ್ಲೇ ಬೇರೆ ಕಳಿಸ್ತೀನಿ."

ಮ್ಯಾನೇಜರಿಗೆ ಸುಳಿವು ಸಿಗುವ ಮೊದಲೇ ಮುರಿದು ಬದಲಾಯಿಸಿಕೊಂಡರಾಯಿತು! ಗುಡ್ಡಣ್ಣ ಬಾಗಿಲು ಮುಂದೆ ಮಾಡಿ ಕನ್ನಡಕವನ್ನು ನೆಲಕ್ಕಿಟ್ಟು ತುಳಿದ, ಕುಣಿದ, ಮೇಜಿನ ಕಾಲನ್ನು ಎತ್ತಿ ಅದರ ಮೇಲೆ ಕುಕ್ಕಿದ. ಮೇಜಿನ ಕಾಲು ಮುರಿಯಿತು.

ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಮ್ಯಾನೇಜರ್ ನಿಂತಿದ್ದರು.

"ಭೇಷ್! ರುಜು ಹಾಕಿದ್ಮೇಲೂ ಪರೀಕ್ಷೆ ಬಿಟ್ಟಿಲ್ಲ ನೋಡಿ! ಇಂಥ ಪ್ರತಿಭೆ ನಕ್ಷೆ ಮುಂದೆ ಕೂತು ಹಾಳಾಗ್ಬಾರ್ದು. ನಾಳೆಯಿಂದ ಆಫೀಸಿಗೆ ಬರೋ ಪ್ರತಿ ಸಾಮಾನೂ ನೀವೇ ಪರೀಕ್ಷೆ ಮಾಡಿ."

"ಎಲ್ಲಿ... ಸಾರ್?" ಮುರಿದ ಮೇಜಿನ ಕಾಲನ್ನು ಹಿಡಿದುಕೊಂಡೇ ಕೇಳಿದ ಗುಡ್ಡಣ್ಣ.

"ಇನ್ನೆಲ್ಲಿ? ಸಾಮಾನು ಬಂದಿಳಿಯೋದು ಗೋದಾಮಲ್ಲಿ ತಾನೆ?"