ನಲವತ್ತರ ಮುಳ್ಳು

ಸುಕೇಶನ ಲಾರಿಯ ಸ್ಪೀಡೋಮೀಟರಿನ ಮುಳ್ಳು ಸೊನ್ನೆಯ ಮೇಲೆ ತಲೆಯಿಟ್ಟು ಮಲಗಿ ಎಂಟು ತಿಂಗಳಾಗಿತ್ತು. ಲಾರಿ ನಿಂತರೂ ಸೊನ್ನೆ, ಓಡಿದರೂ ಸೊನ್ನೆ. ಅದನ್ನು ಎಬ್ಬಿಸಲು ಅವನು ಒಂದು ದಿನವೂ ಹೋಗಿರಲಿಲ್ಲ. ದಿಲ್ಲಿಯ ರಸ್ತೆಯಲ್ಲಿ ಎಷ್ಟು ಜೋರು ಹೋಗಬೇಕೆಂದು ಹೇಳಲು ಹಿಂದಿನವನ ಹಾರ್ನು ಸಾಕು, ಮುಳ್ಳು ಯಾಕೆ?

ಯಾಕೆ ಎನ್ನುವುದು ಗೊತ್ತಾದದ್ದು ಭಾನುವಾರ ಬೆಳಿಗ್ಗೆ ಏಳಕ್ಕೆ, ನಿರೀಕ್ಷಾಳ ಫೋನು ಬಂದಾಗ.

“ಅಮ್ಮ ಒಪ್ಪಿದ್ರು,” ಎಂದಳು.

ಸುಕೇಶ ಹಾಸಿಗೆಯ ಮೇಲೇ ಎದ್ದು ನಿಂತ. “ಮದುವೆಗಾ?”

“ನಿನ್ನ ಲಾರಿ ಹತ್ತುವುದಕ್ಕೆ.”

ಸುಕೇಶ ಪುನಃ ಕುಳಿತ.

ಫರೀದಾಬಾದಿನಲ್ಲಿ ಅಣ್ಣು ಶೆಟ್ಟರದ್ದೊಂದು ಶೆಡ್ಡು. ಅಲ್ಲಿ ರುಬ್ಬಿದ ಇಡ್ಲಿ ದೋಸೆಯ ಹಿಟ್ಟನ್ನು ದಿಲ್ಲಿಯ ಹೋಟೆಲು, ಕ್ಯಾಂಟೀನುಗಳಿಗೆ ಮುಟ್ಟಿಸುವುದು ಸುಕೇಶನ ಕೆಲಸ. ಹದಿಮೂರು ವರ್ಷದ ಸಣ್ಣ ಲಾರಿ, ಇಪ್ಪತ್ತೆಂಟು ವರ್ಷದ ಡ್ರೈವರು. ದೊಡ್ಡ ದೊಡ್ಡ ಆಫೀಸುಗಳಲ್ಲಿ ಹಿಟ್ಟಿಗೆ ಮುಂಬಾಗಿಲು, ಹಿಟ್ಟು ತಂದವನಿಗೆ ಹಿಂಬಾಗಿಲು. ಅಂಥದ್ದೊಂದು ಹಿಂಬಾಗಿಲಿನಲ್ಲಿ ಒಂದು ದಿನ, “ನೀವು ಊರಿನವರಾ?” ಎಂದು ಕೇಳಿದವಳು ನಿರೀಕ್ಷಾ. ಅವಳು ಆ ಆಫೀಸಿನಲ್ಲಿ ಕೆಲಸಕ್ಕಿದ್ದಳು, ಘಾಜಿಯಾಬಾದಿನ ಬಾಡಿಗೆ ಫ್ಲ್ಯಾಟಿನಿಂದ ದಿನಾ ಬರುತ್ತಿದ್ದಳು. ಆವತ್ತಿನಿಂದ ಸುಕೇಶನಿಗೆ ಹಿಂಬಾಗಿಲುಗಳ ಮೇಲಿನ ಸಿಟ್ಟು ಒಂದು ಬಾಗಿಲಿನಷ್ಟು ಕಡಿಮೆಯಾಯಿತು.

ಆದರೆ ಅವಳ ಅಮ್ಮ ಲೀಲಾವತಿಯವರದ್ದು ಎರಡು ವರ್ಷದಿಂದ ಒಂದೇ ಮಾತು. “ಯಾರಾದರೂ ಆಗಬಹುದು, ಡ್ರೈವರ್ ಬೇಡ.” ಹಾಗೆನ್ನಲು ಅವರಿಗೆ ಹಕ್ಕಿತ್ತು. ಅವರ ಗಂಡ ಮೂಡುಬಿದಿರೆ ಕಡೆಯ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರು. ಟೈಮಿಂಗಿನ ಬೆನ್ನು ಹತ್ತಿ ಹೋದವರು ಒಂದು ತಿರುವಿನಲ್ಲಿ ಹೋಗಿಯೇ ಬಿಟ್ಟರು. ಮಗಳನ್ನು ನೋಡಲು ಬಂದ ಆ ತಾಯಿ ನಾಳೆ ಊರಿಗೆ ಹೊರಡುವವರು. ಹೊರಡುವ ಮೊದಲು ಮಗಳ ಅಳು ನೋಡಲಾರದೆ ಒಂದು ಪರೀಕ್ಷೆ ಇಟ್ಟಿದ್ದರು.

“ಎರಡು ಗಂಟೆಗೆ ಇಲ್ಲಿಂದ ಹತ್ತಿ ನಿಮ್ಮ ಶೆಡ್ಡಿನವರೆಗೆ ಬರ್ತಾರಂತೆ,” ಎಂದಳು ನಿರೀಕ್ಷಾ. “ಕಣ್ಣು ಮುಳ್ಳಿನ ಮೇಲೇ ಇರ್ತದಂತೆ. ನಲವತ್ತು ದಾಟಿದರೆ ಅಲ್ಲೇ ಇಳೀತಾರೆ.”

“ಮುಳ್ಳು ಹಾಳಾಗಿದೆ ಅಂತ ಹೇಳಿದರೆ?”

“ಹತ್ತುವುದೇ ಇಲ್ಲ.”

*

ಲಾರಿಯ ಮುಂದೆ ಮೊದಲು ಬಂದು ನಿಂತದ್ದು ಅಣ್ಣು ಶೆಟ್ಟರು. ಅರ್ಧ ಕೆಟ್ಟದ್ದನ್ನು ಪೂರ್ತಿ ಕೆಡಿಸುವುದರಲ್ಲಿ ಅವರದ್ದು ಎತ್ತಿದ ಕೈ.

“ಕೇಬಲ್ ತುಂಡಾಗಿದೆ ಮಾರಾಯ,” ಎಂದರು.

“ಇದಕ್ಕೆ ಕೇಬಲೇ ಇಲ್ಲ ಶೆಟ್ರೇ. ಎಲೆಕ್ಟ್ರಾನಿಕ್ ಮೀಟರು.”

“ಕೇಬಲ್ ಇಲ್ಲದೆ ಚಕ್ರದ ಸುದ್ದಿ ಮೀಟರಿಗೆ ಹೇಗೆ ಗೊತ್ತಾಗ್ತದೆ? ಕನಸು ಬೀಳ್ತದಾ?” ಎಂದವರೇ ಹಳೇ ರೇಡಿಯೋಗೆ ಕೊಡುವ ಹಾಗೆ ಮೀಟರಿನ ನೆತ್ತಿಗೆ ಎರಡು ಕೊಟ್ಟರು. ಮುಳ್ಳು ಏಳಲಿಲ್ಲ. ಅದರ ಪಕ್ಕದ ಗಡಿಯಾರ ನಿಂತಿತು.

ಆಮೇಲೆ ಶೆಟ್ಟರು ಅನೂಪನಿಗೆ ಫೋನು ಹಚ್ಚಿದರು. ಅನೂಪ ಹೌಜ್ ಖಾಸ್‌ನಲ್ಲಿ ಏನೋ ದೊಡ್ಡ ಎಂಜಿನಿಯರಿಂಗ್ ಓದುತ್ತಿದ್ದ ಮೈಸೂರಿನ ಹುಡುಗ. ಎಷ್ಟು ವರ್ಷದಿಂದ ಓದುತ್ತಿದ್ದಾನೆಂದರೆ, ಶೆಟ್ಟರ ಹಿಟ್ಟು ಹೋಗುವ ಅಲ್ಲಿನ ಹೋಟೆಲಿನಲ್ಲಿ ಅವನಿಗೆ ಮೊದಲ ದೋಸೆ ಹಾಕಿಕೊಟ್ಟ ಭಟ್ಟರು ನಿವೃತ್ತರಾಗಿ ಊರಿಗೆ ಹೋಗಿದ್ದರು. ಒಂದು ಚೀಲ, ಒಂದು ಮಲ್ಟಿಮೀಟರು ಹಿಡಿದುಕೊಂಡು ಮೆಟ್ರೋದಲ್ಲಿ ಹತ್ತು ಗಂಟೆಗೆ ಬಂದಿಳಿದ.

“ಲಾಜಿಕಲ್ ಆಗಿ ಹೋಗೋಣ ಸುಕೇಶ್. ಮೊದಲು ಫ್ಯೂಸ್, ಆಮೇಲೆ ಕರೆಂಟ್, ಆಮೇಲೆ ಅರ್ತ್, ಕೊನೆಗೆ ಸಿಗ್ನಲ್.”

ಫ್ಯೂಸು ಸರಿಯಿತ್ತು. ಕರೆಂಟು ಬರುತ್ತಿತ್ತು. ಅನೂಪ ಮೀಟರನ್ನೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಹಿಂದಿನ ಒಂದು ಪಿನ್ನಿಗೆ ತನ್ನ ಚೀಲದ ಯಾವುದೋ ಪೆಟ್ಟಿಗೆಯಿಂದ ಟಿಕ್‌ಟಿಕ್ ಎಂದು ಕರೆಂಟು ಕೊಟ್ಟ. ಎಂಟು ತಿಂಗಳ ಕುಂಭಕರ್ಣ ಕೊಸರಾಡಿ ಎದ್ದ. ಮುಳ್ಳು ಇಪ್ಪತ್ತು, ಮೂವತ್ತು ಎಂದು ಏರಿತು. ನಿಂತ ಲಾರಿ ಅರವತ್ತರಲ್ಲಿ ಓಡುವುದನ್ನು ಕಂಡು ಶೆಟ್ಟರು ಕೈಮುಗಿದರು.

“ಮೀಟರ್ ಬದುಕಿದೆ,” ಎಂದ ಅನೂಪ. “ಅದಕ್ಕೆ ಸುದ್ದಿ ತಲುಪ್ತಿಲ್ಲ ಅಷ್ಟೆ. ಗೇರ್‌ಬಾಕ್ಸ್ ಹತ್ರ ಒಂದು ಸೆನ್ಸರ್ ಇರುತ್ತೆ, ತಪ್ಪು ಅಲ್ಲಿದೆ.”

“ಹಾಗಾದರೆ ಕೆಳಗೆ ನುಗ್ಗು.”

ಅನೂಪ ತನ್ನ ಬಿಳಿ ಅಂಗಿ ನೋಡಿಕೊಂಡ. “ನಾನು ಥಿಯರಿ, ಶೆಟ್ರೇ.”

ಥಿಯರಿ ಮೀಟರನ್ನು ಮೊದಲಿನ ಹಾಗೆ ಜೋಡಿಸಿಟ್ಟು ಕೈ ತೊಳೆಯಿತು. ಪೂರ್ತಿ ಮೊದಲಿನ ಹಾಗಲ್ಲ. ಎಡಗಡೆಯ ಇಂಡಿಕೇಟರ್ ಹಾಕಿದರೆ ಈಗ ಹಾರ್ನು ಹೊಡೆಯುತ್ತಿತ್ತು. ಹದಿನೆಂಟು ವರ್ಷ ಓದಿದವನ ಕೈ! ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಸುಕೇಶ ಹಲ್ಲು ಕಚ್ಚಿಕೊಂಡ. ಬೈಯಲು ಸಮಯವಿರಲಿಲ್ಲ, ಹನ್ನೊಂದೂವರೆ ಆಗಿತ್ತು.

ಪಕ್ಕದ ಗ್ಯಾರೇಜಿನ ಇಕ್ರಾರ್ ಮಿಸ್ತ್ರಿ ಬಂದು, ಏನೂ ಕೇಳದೆ, ರಟ್ಟು ಹಾಸಿ ಲಾರಿಯಡಿಗೆ ಜಾರಿದ. ಸ್ವಲ್ಪ ಹೊತ್ತು ಬರೀ ಕಾಲುಗಳು ಕಂಡವು. ಆಮೇಲೆ ಒಳಗಿನಿಂದ ದನಿ ಬಂತು.

“ಶೆಟ್ಟಿಜೀ, ಇಸ್ ಮೇ ಅರ್ಥ್ ನಹೀ ಹೈ.”

“ನಮ್ಮ ಜೀವನಕ್ಕೇ ಅರ್ಥ ಇಲ್ಲ ಭಯ್ಯಾ,” ಎಂದರು ಶೆಟ್ಟರು, “ಮೀಟರಿಗೆ ಎಲ್ಲಿಂದ ಬರಬೇಕು?”

“ಅರ್ಥ ಅಲ್ಲ ಶೆಟ್ರೇ, ಅರ್ತ್! ವಯರಿನ ಅರ್ತು!” ಎಂದು ಅನೂಪ ಹಣೆ ಚಚ್ಚಿಕೊಂಡ.

ಮಿಸ್ತ್ರಿ ಹೊರಬಂದಾಗ ಅವನ ಅಂಗೈಯಲ್ಲಿ ಬೆಳ್ಳಗಿನ, ದುಂಡಗಿನ, ಅಂಚು ಸೀದ ಒಂದು ವಸ್ತುವಿತ್ತು. ಮೂಸಿದ. ಕಣ್ಣರಳಿಸಿದ.

“ಯೇ ತೋ ಇಡ್ಲಿ ಹೈ!”

ಇಡ್ಲಿಯೇ ಆಗಿತ್ತು. ಹೌಜ್ ಖಾಸ್ ಹೋಟೆಲಿನ ಹಿಟ್ಟಿನ ಡ್ರಮ್ಮನ್ನು ಸುಕೇಶ ಯಾವಾಗಲೂ ಕ್ಯಾಬಿನ್ನಿನಲ್ಲಿ, ಗೇರಿನ ಪಕ್ಕ ಇಡುತ್ತಿದ್ದ. ದಿಲ್ಲಿಯ ಸೆಕೆಗೆ ಹಿಟ್ಟು ಫರೀದಾಬಾದಿನಲ್ಲಿ ಹುಳಿಹಿಡಿದು ಬದರ್‌ಪುರದಲ್ಲಿ ಉಕ್ಕುತ್ತಿತ್ತು. ಉಕ್ಕಿದ್ದು ಗೇರಿನ ಬುಡದ ಹರಿದ ರಬ್ಬರಿನಿಂದ ಕೆಳಗಿಳಿದು, ಸೆನ್ಸರಿನ ತಲೆಯ ಮೇಲೆ ಕುಳಿತು, ಗೇರ್‌ಬಾಕ್ಸಿನ ಬಿಸಿಗೆ ಹದವಾಗಿ ಬೆಂದಿತ್ತು. ಅದರ ಹುಳಿಗೆ ಸೆನ್ಸರಿನ ಪಿನ್ನು, ಅರ್ತಿನ ವಯರು ಎರಡೂ ಹಸಿರುಗಟ್ಟಿ ಸತ್ತಿದ್ದವು.

“ಉದ್ದು ಜಾಸ್ತಿಯಾಗಿದೆ,” ಎಂದರು ಶೆಟ್ಟರು, ಇಡ್ಲಿಯನ್ನು ಒತ್ತಿ ನೋಡಿ.

ಮಿಸ್ತ್ರಿ ಅರ್ತಿಗೆ ಹೊಸ ವಯರು ಎಳೆದ. ಸೆನ್ಸರಿಗೆ ಎಲ್ಲಿ ಹೋಗುವುದು? ಭಾನುವಾರ, ಅಂಗಡಿಗಳೆಲ್ಲ ಬಂದ್. ಗ್ಯಾರೇಜಿನಲ್ಲಿ ಬಿಚ್ಚಿ ಹಾಕಿದ್ದ ಬೇರೊಂದು ಗಾಡಿಯದ್ದು ತಂದು ತಿರುಗಿಸಿದ. ಕೂತಿತು.

“ಇದು ನಮ್ಮ ಲಾರಿಯದ್ದೇ ಮಾಡೆಲ್ಲಾ?” ಎಂದ ಸುಕೇಶ.

“ಬಸ್, ಉನ್ನೀಸ್-ಬೀಸ್ ಕಾ ಫರಕ್,” ಎಂದ ಮಿಸ್ತ್ರಿ. ಹತ್ತೊಂಬತ್ತು ಇಪ್ಪತ್ತರಷ್ಟೇ ವ್ಯತ್ಯಾಸ, ಅಂದರೆ ಏನೂ ಇಲ್ಲದ ಹಾಗೆ. ಶೆಡ್ಡಿನ ಮುಂದೆ ಹತ್ತು ಮಾರು ಓಡಿಸಿ ನೋಡಿದರು. ಮುಳ್ಳು ಎದ್ದಿತು! ಸುಕೇಶ ಮಿಸ್ತ್ರಿಯನ್ನು ಗ್ರೀಸಿನ ಸಮೇತ ಅಪ್ಪಿಕೊಂಡ, ಅಂಗಿ ಬದಲಿಸಿ ಹೊರಟ.

ದೊಡ್ಡ ರಸ್ತೆ ಹತ್ತಿದ ಮೇಲೆ ಮುಳ್ಳು ನೋಡಿದ. ಎಂಬತ್ತು! ಪಕ್ಕದಲ್ಲಿ ಹಾಲಿನ ಕ್ಯಾನು ಕಟ್ಟಿದ ಸ್ಕೂಟರಿನ ಮುದುಕ ಆರಾಮವಾಗಿ ಜೊತೆಗೇ ಬರುತ್ತಿದ್ದ. ಆ ಸ್ಕೂಟರು ಎಂಬತ್ತರಲ್ಲಿ ಹೋದರೆ ಹಾಲು ಬೆಣ್ಣೆಯಾಗಬೇಕು. ಮೊಬೈಲಿನ ಮ್ಯಾಪು ತೆರೆದ. ಅದು ನಲವತ್ತು ಎಂದಿತು. ಅನೂಪನಿಗೆ ಫೋನು ಮಾಡಿದ.

“ಓ, ಹೌದಲ್ವಾ,” ಎಂದ ಅನೂಪ ಖುಷಿಯಿಂದ, ಲೆಕ್ಕ ಸಿಕ್ಕವನ ಹಾಗೆ. “ಹಳೇ ಸೆನ್ಸರು ಒಂದು ಸುತ್ತಿಗೆ ನಾಲ್ಕು ಸಲ ಮಿಡೀತಿತ್ತು, ಇದು ಎಂಟು ಸಲ ಮಿಡಿಯೋ ಜಾತಿ. ಮೀಟರು ಎಲ್ಲ ಡಬಲ್ ತೋರಿಸುತ್ತೆ. ಸಿಂಪಲ್, ಎರಡರಿಂದ ಭಾಗಿಸು.”

“ನಾನು ಭಾಗಿಸ್ತೇನೆ ಮಾರಾಯ. ಅತ್ತೆಯಾಗುವವರು ಭಾಗಿಸ್ತಾರಾ?”

“ಹಾಗಾದ್ರೆ ಇಪ್ಪತ್ತರಲ್ಲಿ ಹೋಗು. ಅವರಿಗೆ ನಲವತ್ತು ಕಾಣುತ್ತೆ.”

ಅಷ್ಟು ವರ್ಷದ ಓದಿನಿಂದ ಹುಟ್ಟಿದ ಮೊದಲ ಉಪಯೋಗದ ಮಾತು ಇದು ಎಂದುಕೊಂಡ ಸುಕೇಶ.

*

ಘಾಜಿಯಾಬಾದಿನಲ್ಲಿ ಲಾರಿ ಹತ್ತಿದ ಲೀಲಾವತಿಯವರು ಮಗಳನ್ನು ಬಾಗಿಲ ಕಡೆಗೆ ದೂಡಿ ತಾವೇ ಮಧ್ಯದಲ್ಲಿ, ಮುಳ್ಳು ಕಾಣುವ ಹಾಗೆ ಕುಳಿತರು. ಕನ್ನಡಕ ಒರೆಸಿ ಹಾಕಿಕೊಂಡರು.

“ಹೊರಡು ಮಗಾ.”

ಸುಕೇಶ ಮುಳ್ಳನ್ನು ಮೂವತ್ತೆಂಟಕ್ಕೆ ತಂದು ನಿಲ್ಲಿಸಿದ. ತುಪ್ಪದ ದೀಪ ಹಿಡಿದು ಗಾಳಿಯಲ್ಲಿ ನಡೆಯುವವನ ಹಾಗೆ ಓಡಿಸಿದ. ಎಡಕ್ಕೆ ತಿರುಗುವಾಗ ಇಂಡಿಕೇಟರ್ ಹಾಕಿದ, ಹಾರ್ನು ಬಡಿದುಕೊಂಡಿತು.

“ತಿರುವಿನಲ್ಲಿ ಹಾರ್ನು ಹಾಕ್ತಾನೆ. ಒಳ್ಳೆಯದು,” ಎಂದರು ಲೀಲಾವತಿ. ನಿರೀಕ್ಷಾ ಕಿಟಕಿಯ ಕಡೆ ಮುಖ ಮಾಡಿ ನಗು ನುಂಗಿದಳು.

ಮೊದಲು ಕಾರುಗಳು ದಾಟಿಕೊಂಡು ಹೋದವು. ಹೋಗಲಿ. ಆಮೇಲೆ ಎಂಟು ಹೆಂಗಸರನ್ನೂ ಒಂದು ಕೂಲರನ್ನೂ ಹೇರಿಕೊಂಡ ಇ-ರಿಕ್ಷಾ ಗುಂಯ್ ಎಂದು ಹೋಯಿತು. ಲೀಲಾವತಿಯವರು ಮುಳ್ಳು ನೋಡಿದರು, ಮೂವತ್ತೊಂಬತ್ತು. ರಿಕ್ಷಾ ನೋಡಿದರು. ಸ್ವಲ್ಪ ಮುಂದೆ ಫ್ಲೈಓವರಿನ ಇಳಿಜಾರಿನಲ್ಲಿ ಸೈಕಲ್ಲಿನವನೊಬ್ಬ ಒಂದು ಕೈಯಲ್ಲಿ ಬೀಡಿ ಹಿಡಿದು ಲಾರಿಯನ್ನು ಹಿಂದೆ ಹಾಕಿದ. ಲೀಲಾವತಿಯವರ ಕೈ ಸೆರಗಿನ ತುದಿಯನ್ನು ಮುದುಡತೊಡಗಿತು.

“ಅಮ್ಮಾ, ಸೆಕೆಯಾ?” ಎಂದ ಸುಕೇಶ.

“ಇಲ್ಲ ಮಗಾ. ನೀನು ಮುಂದೆ ನೋಡು.” ಸ್ವಲ್ಪ ಹೊತ್ತಿನ ನಂತರ, ಮುಳ್ಳಿನಿಂದ ಕಣ್ಣು ಕೀಳದೆ ಹೇಳಿದರು. “ಆ ದಿನ ನಾನು ಅವರ ಹಿಂದಿನ ಸೀಟಿನಲ್ಲೇ ಕೂತಿದ್ದೆ. ಮುಳ್ಳು ತೊಂಬತ್ತು ದಾಟಿದ್ದು ನೋಡಿದೆ. ಹೇಳುವ ಅಂತ ಬಾಯಿವರೆಗೆ ಬಂತು. ಬಸ್ಸು ತುಂಬ ಜನ, ಗಂಡನಿಗೆ ಎಲ್ಲರ ಎದುರು ಹೇಗೆ ಹೇಳುವುದು ಅಂತ ಸುಮ್ಮನಾದೆ.”

ಬೆಳಗಿನಿಂದ ಎಲ್ಲರ ಮೇಲೂ ಕುದಿಯುತ್ತಿದ್ದ ಸುಕೇಶನ ಎದೆ ಒಮ್ಮೆಲೇ ತಣ್ಣಗಾಯಿತು. ಈ ಹೆಂಗಸಿಗಾಗಿ ಕನ್ಯಾಕುಮಾರಿಯವರೆಗೂ ಇಪ್ಪತ್ತರಲ್ಲಿ ಹೋಗಲು ಅವನು ತಯಾರಿದ್ದ.

“ಇನ್ನು ಮೇಲೆ ಹೇಳಿ ಅಮ್ಮಾ,” ಎಂದ. “ನನಗೆ ಯಾರ ಎದುರು ಬೇಕಾದರೂ ಹೇಳಿ.”

ಲೀಲಾವತಿಯವರು ಅವನ ಮೊಣಕೈಯ ಮೇಲೆ ಮೆಲ್ಲಗೆ ಕೈಯಿಟ್ಟರು. ಅದೇ ಹೊತ್ತಿಗೆ ಬಲಗಡೆಯಿಂದ ಟಕಟಕ ಸದ್ದು ಬಂತು. ಯಾರದೋ ಮದುವೆಯ ದಿಬ್ಬಣ ಮುಗಿಸಿದ ಬಿಳಿ ಕುದುರೆ, ತಲೆಗೆ ಜರಿಯ ತುರಾಯಿ ಸಿಕ್ಕಿಸಿಕೊಂಡು, ಮೇಲೆ ಮೊಬೈಲಿನಲ್ಲಿ ಮಾತಾಡುವ ಒಬ್ಬನನ್ನು ಕೂರಿಸಿಕೊಂಡು, ಲಾರಿಯನ್ನು ದಾಟಿ ಹೋಯಿತು.

ಮುಳ್ಳು ನಲವತ್ತರಲ್ಲಿತ್ತು. ಲೀಲಾವತಿಯವರು ಕಣ್ಣು ಮುಚ್ಚಿಕೊಂಡರು.

*

ಎರಡು ತಾಸಿನ ನಂತರ ಶೆಡ್ಡಿನ ಮುಂದೆ ಲಾರಿ ನಿಂತಾಗ ಶೆಟ್ಟರು ಕೇಸರಿಬಾತ್ ಹಿಡಿದು ಬಾಗಿಲಲ್ಲೇ ಇದ್ದರು. ಲೀಲಾವತಿಯವರು ಇಳಿದು ಸುಕೇಶನ ತಲೆಯ ಮೇಲೆ ಕೈಯಿಟ್ಟರು.

“ಬಂಗಾರದಂಥ ಹುಡುಗ. ಒಂದು ಸಲವೂ ನಲವತ್ತು ದಾಟಲಿಲ್ಲ. ಡ್ರೈವರ್ ಅಂತ ನಾನು ಎಷ್ಟು ಬೈದಿದ್ದೆ, ಎಲ್ಲ ತಪ್ಪಾಯಿತು ಮಗಾ.”

ನಿರೀಕ್ಷಾಳ ಕಣ್ಣಲ್ಲಿ ನೀರು ಬಂತು. ಶೆಟ್ಟರು ಕೇಸರಿಬಾತಿನ ಮುಚ್ಚಳ ತೆಗೆದರು.

“ಆದರೆ ಈ ಊರು ಬೇಡ,” ಎಂದರು ಲೀಲಾವತಿ.

ಶೆಟ್ಟರು ಮುಚ್ಚಳ ಹಾಕಿದರು.

“ಯಾಕಮ್ಮಾ?” ಎಂದಳು ನಿರೀಕ್ಷಾ.

“ಯಾಕಾ? ನಾವು ನಲವತ್ತರಲ್ಲಿ ಬರುವಾಗ ಸೈಕಲ್ಲಿನವ ನಮ್ಮನ್ನು ಹಿಂದೆ ಹಾಕಿದ, ಬೀಡಿ ಸೇದಿಕೊಂಡು! ಆ ಕುದುರೆ ಕಡಿಮೆಯೆಂದರೆ ನಲವತ್ತೈದರಲ್ಲಿತ್ತು, ಮೇಲೆ ಕೂತವ ಫೋನಿನಲ್ಲಿ ಮಾತಾಡ್ತಿದ್ದ! ಮೃಗಗಳೂ ಓವರ್‌ಟೇಕ್ ಮಾಡುವ ಊರಿನಲ್ಲಿ ಈ ನಿಧಾನಸ್ಥ ಎಷ್ಟು ದಿನ ಬದುಕ್ತಾನೆ? ನನ್ನ ಹಾಗೆ ನೀನೂ ಒಂಟಿಯಾಗುವುದು ಬೇಡ. ನಾಳೆ ಮಧ್ಯಾಹ್ನದ ರೈಲಿಗೆ ನಿನಗೂ ಒಂದು ತತ್ಕಾಲ್ ಟಿಕೆಟ್ ಮಾಡು. ಕೆಲಸ ಊರಲ್ಲೂ ಸಿಗ್ತದೆ, ಗಂಡೂ ಸಿಗ್ತದೆ.”

ಸುಕೇಶನಿಗೆ ತಡೆಯಲಾಗಲಿಲ್ಲ. “ಅಮ್ಮಾ, ಮೀಟರು ಸುಳ್ಳು! ಡಬಲ್ ತೋರಿಸ್ತದೆ. ನಾವು ಬಂದದ್ದು ಇಪ್ಪತ್ತರಲ್ಲಿ!”

ಲೀಲಾವತಿಯವರು ಅವನನ್ನೇ ನೋಡಿದರು. ಅವರ ಕಣ್ಣು ತುಂಬಿತು.

“ಪಾಪ,” ಎಂದರು ಶೆಟ್ಟರ ಕಡೆ ತಿರುಗಿ. “ಹುಡುಗಿ ಹೋಗ್ತಾಳಲ್ಲ ಎಂಬ ಸಂಕಟಕ್ಕೆ ಸುಳ್ಳು ಹೇಳುವುದನ್ನೂ ಕಲಿತ. ಮಗಾ, ಒಮ್ಮೆ ಮುಳ್ಳಿನ ಮಾತು ಕೇಳದೆ ಕೆಟ್ಟವಳು ನಾನು. ಇನ್ನು ಯಾರ ಮಾತಿಗೂ ಅದನ್ನು ಬಿಡುವುದಿಲ್ಲ. ನಾಳೆ ಸ್ಟೇಷನ್ನಿಗೆ ನೀನೇ ಬಿಡಬೇಕು. ಈ ಊರಲ್ಲಿ ಬೇರೆಯವರ ಗಾಡಿ ನಾನು ಹತ್ತುವವಳಲ್ಲ. ನಲವತ್ತರಲ್ಲೇ ಹೋಗುವ, ಇವತ್ತಿನ ಲೆಕ್ಕ ಹಿಡಿದು ಹೊರಟರೆ ರೈಲು ತಪ್ಪುವುದಿಲ್ಲ.”

ಮೂವರೂ ಒಳಗೆ ಹೋದರು. ಬಾಗಿಲು ದಾಟುವ ಮುನ್ನ ನಿರೀಕ್ಷಾ ತಿರುಗಿ ನೋಡಿದಳು. ಆ ನೋಟಕ್ಕೆ ಅರ್ಥವೂ ಇತ್ತು, ಅರ್ತೂ ಇತ್ತು. ಸುಕೇಶನ ಮೈಯಲ್ಲಿ ಕರೆಂಟು ಹರಿಯಿತು.

ಅಷ್ಟರಲ್ಲಿ ಇಕ್ರಾರ್ ಮಿಸ್ತ್ರಿ ಓಡಿಬಂದ, ಕೈಯಲ್ಲಿ ಮಿರಮಿರ ಮಿಂಚುವ ಹೊಸ ಸೆನ್ಸರು. ಪರಿಚಯದವನ ಅಂಗಡಿ ತೆಗೆಸಿ ತಂದಿದ್ದನಂತೆ. ಇದೇ ಅಸಲಿ, ಈ ಲಾರಿಯದ್ದೇ, ಎರಡು ನಿಮಿಷದ ಕೆಲಸ, ನಾಳೆಯಿಂದ ಮುಳ್ಳು ನಿಜ ಹೇಳುತ್ತದೆ ಎಂದು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದ.

ಸುಕೇಶ ಅವನ ಕೈಯನ್ನು ಮೆಲ್ಲಗೆ ಮಡಚಿ ಸೆನ್ಸರನ್ನು ಅವನ ಜೇಬಿಗೇ ಹಾಕಿದ. ಶೆಡ್ಡಿನ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ.

“ಇಕ್ರಾರ್ ಭಾಯ್, ಒಂದು ಸುತ್ತಿಗೆ ಹದಿನಾರು ಸಲ ಮಿಡಿಯುವ ಸೆನ್ಸರು ಸಿಗ್ತದಾ?”