ಸುರಂಗ ಕಾಯಲು ನೆಂಟರಿಲ್ಲದವನೇ ಬೇಕು

ಬಹಳ ಹಿಂದೆ, ಪತ್ರಿಕಾಗೋಷ್ಠಿಗಳಿಲ್ಲದೆ ಜನ ನೆಮ್ಮದಿಯಾಗಿದ್ದ ಕಾಲದಲ್ಲಿ, ಗುಟ್ಟುಗಿರಿ ಎಂಬ ರಾಜ್ಯವಿತ್ತು. ಅದರ ಅರಸ ಸಂಶಯಸೇನ ಮಹಾರಾಜ ತನ್ನ ನೆರಳನ್ನೂ ತಪಾಸಣೆ ಮಾಡಿಸಿಯೇ ಹಿಂದೆ ಬರಗೊಡುತ್ತಿದ್ದ. ಹೊಳೆಯ ಆಚೆದಂಡೆಯ ರಾಜ್ಯವೆಂದರೆ ಅವನಿಗೆ ವಿಪರೀತ ಅನುಮಾನ. ಪ್ರಜೆಗಳಿಗೋ ವಿಪರೀತ ಅಕ್ಕರೆ. ಅಲ್ಲಿ ಹೆಣ್ಣು ಕೊಡುವುದೂ ತರುವುದೂ ಮೊದಲಿನಿಂದ ಹೊಳೆ ದಾಟಿಯೇ.

ಅರಮನೆಯ ಅಡಿಯಿಂದ ಹೊಳೆಯಾಚೆಗೆ ಒಂದು ಗುಪ್ತ ಸುರಂಗವಿತ್ತು. ಅದನ್ನು ಕಾಯುತ್ತಿದ್ದವನು ಕೊಟ್ರಪ್ಪ. ವರ್ಷವಿಡೀ ಅಲ್ಲೇ ಕೂತಿರುತ್ತಿದ್ದ ಅವನು ನಾಗರಪಂಚಮಿಗೆ ಮಾತ್ರ ರಜೆ ಕೇಳುತ್ತಿದ್ದ. ಆಚೆದಂಡೆಗೆ ಕೊಟ್ಟಿದ್ದ ತಂಗಿ ನಿಂಗವ್ವನನ್ನು ತವರಿಗೆ ಕರೆತರಬೇಕಲ್ಲ. ಸುರಂಗ ಕೈಯಲ್ಲೇ ಇದ್ದರೂ ಅವನು ದೋಣಿಯಲ್ಲೇ ಹೋಗಿಬರುತ್ತಿದ್ದ.

ಒಂದು ವರ್ಷ 'ಭದ್ರತಾ ಅರ್ಹತೆ ಮರುಪರಿಶೀಲನೆ' ಶುರುವಾಯಿತು. ಪರರಾಜ್ಯದಲ್ಲಿ ನೆಂಟರಿರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು ಎಂದು ಹಳೆಯ ಶಾಸನದಲ್ಲಿ ಕೆತ್ತಿತ್ತು. ಮಂತ್ರಿ ತಲೆದೂಗಯ್ಯ ಅದನ್ನು ಅಪ್‌ಡೇಟ್ ಮಾಡಿದ.

“ಪ್ರಭು, ಹೇಳಿಕೊಂಡ ನೆಂಟ ನಮ್ಮ ಕಣ್ಣಿಗೆ ಬೀಳುತ್ತಾನೆ, ಆದ್ದರಿಂದ ಅವನು ಅಪಾಯ. ಮುಚ್ಚಿಟ್ಟ ನೆಂಟ ಕಾಣುವುದೇ ಇಲ್ಲ, ಆದ್ದರಿಂದ ಅವನು ಇಲ್ಲ.”

“ಭಲೆ,” ಎಂದ ಅರಸ. ಸಭೆ ಚಪ್ಪಾಳೆ ತಟ್ಟಿತು.

ಕೊಟ್ರಪ್ಪನನ್ನು ಕರೆಸಿ, ಹೊಳೆಯಾಚೆ ಯಾರಿದ್ದಾರೆಂದು ಕೇಳಿದರು.

“ತಂಗಿ ಅದಾಳ್ರಿ. ಪಂಚಮಿಗೆ ಬರ್ತಾಳ.”

ಮಂತ್ರಿಗೂ ಮರುಕ ಬಂತು. ಬಗ್ಗಿ ಮೆಲ್ಲಗೆ ಹೇಳಿದ: “ಇಲ್ಲ ಅಂದುಬಿಡಪ್ಪ. ಕೆಲಸ ಉಳಿಯುತ್ತೆ, ಕ್ವಾರ್ಟರ್ಸೂ ಉಳಿಯುತ್ತೆ.”

“ಹೆಂಗ ಅನ್ಲಿ ಸಾಹೇಬ್ರ? ಅವ್ವ ಹೋದ ಮ್ಯಾಲ ಆಕಿಗೆ ತವರುಮನಿ ಅಂದ್ರ ನಾನ. ನಾ ಇಲ್ಲ ಅಂದ್ರ ಆಕಿ ಎಲ್ಲಿಗೆ ಬರಬೇಕು?”

ಕೆಲಸ ಹೋಯಿತು. ಕ್ವಾರ್ಟರ್ಸೂ ಹೋಯಿತು. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ, ಆದರೆ ಅಂದು ಯಾರಿಗೂ ಉರಿದಂತಿಲ್ಲ.

ಆ ಜಾಗಕ್ಕೆ ಬಂದವನು ಮೃದುಹಾಸರಾಯ. ಅವನು ಆಚೆದಂಡೆಯ ದಂಡನಾಯಕನ ಖಾಸಾ ಅಳಿಯನೆಂಬುದು ಸಂತೆಯ ಆಡುಗಳಿಗೂ ಗೊತ್ತಿತ್ತು.

“ಹೊಳೆಯಾಚೆ ನಿನಗೆ ಯಾರಾದರೂ ಇದ್ದಾರೆಯೆ?”

“ಯಾವ ಹೊಳೆ, ಪ್ರಭು?”

ಅರಸ ಎದ್ದುಬಂದು ಅವನನ್ನು ಅಪ್ಪಿಕೊಂಡ.

ಪಂಚಮಿ ಬಂತು. ದಂಡನಾಯಕನ ಮಗ ತಂಗಿಯನ್ನು ಕರೆದೊಯ್ಯಲು ಉಂಡಿಯ ಬುಟ್ಟಿ ಹಿಡಿದು ನೇರ ಅರಮನೆಗೇ ಬಂದ. ತಂಗಿ, ಅಂದರೆ ಮೃದುಹಾಸನ ಹೆಂಡತಿ ಸುಗುಣಾಬಾಯಿ, ಹೊಸ ಸೀರೆ ಉಟ್ಟು ಓಡಿಬಂದಳು.

“ಯಾರಿವನು?” ಎಂದ ಅರಸ.

“ಅರಿಯೆ, ಪ್ರಭು. ಉಂಡಿ ಮಾರುವವನಿರಬೇಕು,” ಎಂದ ಮೃದುಹಾಸ.

“ಹಂಗಾರ ನಾ ಯಾರ್ರಿ?” ಎಂದಳು ಸುಗುಣಾಬಾಯಿ.

“ಈ ತಾಯಿಯನ್ನೂ ಅರಿಯೆ, ಪ್ರಭು.”

ಆಕೆ ಗಂಡನನ್ನು ಕೆಕ್ಕರಿಸಿ ನೋಡಿ, ಅಣ್ಣನ ಕೈ ಹಿಡಿದಳು. “ನಡಿ ಅಣ್ಣಾ. ಹೊಳಿ ತುಂಬೈತಿ. ಈ ಮಹಾರಾಯ ನನಗ ಸುರಂಗ ತೋರಿಸ್ಯಾನ, ಅದರಾಗ ಹೋಗೂಣು.”

ಅರಸನಿಗೆ ಇದು ಕೇಳಿಸಲಿಲ್ಲ. ಕಣ್ಣು ತುಂಬಿ ಬಂದಿತ್ತು. “ರಾಜ್ಯಕ್ಕಾಗಿ ಕಟ್ಟಿಕೊಂಡವಳನ್ನೇ ಮರೆತವನು!” ಎಂದು 'ನಿರ್ಬಂಧುಭೂಷಣ' ಬಿರುದು ಕೊಟ್ಟು ಸನ್ಮಾನದ ಕಿರೀಟ ತೊಡಿಸಿದ. ಸಮಾರಂಭದ ಖರ್ಚಿಗೆ ಹೊಸ ರಾಜಾಜ್ಞೆ ಹೊರಟಿತು: ಹೊಳೆಯಾಚೆ ನೆಂಟರಿರುವವರೆಲ್ಲ ದೋಣಿಕಟ್ಟೆಯಲ್ಲಿ ನೆಂಟಸ್ತಿಕೆ ಸೆಸ್ ಕಟ್ಟತಕ್ಕದ್ದು.

ದೀಪಾವಳಿಗೆ ದಂಡನಾಯಕನೇ ಅಳಿಯನ ಮನೆಗೆ ಬಂದ. ಸುರಂಗದಿಂದ ಬಂದ, ದಂಡು ಸಮೇತ.

“ಇವರೆಲ್ಲ ಯಾರಪ್ಪ?” ಎಂದ ಅರಸ, ತನ್ನನ್ನು ಸಿಂಹಾಸನದಿಂದ ಇಳಿಸುತ್ತಿದ್ದವರ ನಡುವಿನಿಂದ.

“ಒಬ್ಬರನ್ನೂ ಅರಿಯೆ, ಪ್ರಭು.”

“ಹಾಗಾದರೆ ಅಪಾಯವಿಲ್ಲ,” ಎಂದು ಅರಸ ನಿರಾಳನಾದ.

ಸಿಂಹಾಸನದ ಮೇಲೆ ನಿರ್ಬಂಧುಭೂಷಣ ಕೂತ. ತಲೆದೂಗಯ್ಯ ಮಂತ್ರಿಯಾಗಿಯೇ ಮುಂದುವರಿದ. ಸೆಸ್ ಕೂಡ ಮುಂದುವರಿಯಿತು, ಈಗ ಎರಡೂ ದಂಡೆಗಳಲ್ಲಿ.

ಮರುವರ್ಷ ಪಂಚಮಿಯ ಬೆಳಿಗ್ಗೆ ಕೊಟ್ರಪ್ಪ ದೋಣಿಕಟ್ಟೆಗೆ ಬಂದ. ಆಚೆ ನಿಂಗವ್ವ ಗಂಟು ಹಿಡಿದು ನಿಂತಿದ್ದು ಕಾಣುತ್ತಿತ್ತು.

“ಆಚೆ ಯಾರಾದರೂ ಇದ್ದಾರೇನಯ್ಯ? ಇಲ್ಲ ಅಂದರೆ ಪುಕ್ಕಟೆ,” ಎಂದ ಕಟ್ಟೆಯ ಅಧಿಕಾರಿ.

“ತಂಗಿ ಅದಾಳ್ರಿ,” ಎಂದು ಕೊಟ್ರಪ್ಪ ಸೆಸ್ ಕಟ್ಟಿ ದೋಣಿ ಹತ್ತಿದ. ಅವನ ಹಿಂದೆ ಸಾಲು ಸಂತೆಯವರೆಗೂ ಇತ್ತು, ಎಲ್ಲರೂ ಅಣ್ಣತಮ್ಮಂದಿರೇ.